ಹಿರಿಯರ ಮಜಲು

ಪೆರ್ಸೀದ್ ಮಾಲಾಫೋಸ್ ಮರವನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಜ್ವರದಲ್ಲಿ ಮಲಗಿದ ಕೂಸಿನ ಹಣೆಯನ್ನು ತಾಯಂದಿರು ನೋಡುವ ಹಾಗೆ, ಕೈಯ ಹಿಂಬದಿಯನ್ನು ತೊಗಟೆಗೆ ತಾಗಿಸಿ, ಕ್ಷಣಹೊತ್ತು ಕಣ್ಣು ಮುಚ್ಚಿ ನಿಂತು, ಆಮೇಲೆ ಮುಂದಿನ ಮರಕ್ಕೆ ಹೋಗುತ್ತಿದ್ದಳು. ಬೇಸಿಗೆ ಕಾಲಿಡುವಾಗ ಚೆಸ್ಟ್‌ನಟ್ ಹೂಬಿಟ್ಟು, ಕಣಿವೆಯ ಎರಡು ದಂಡೆಗಳೂ ನಸುಹಳದಿ ಮಂಜಿನಲ್ಲಿ ತೇಲುವಂತೆ ಕಂಡು, ಜೇನ್ನೊಣಗಳ ಮೊರೆತಕ್ಕೆ ಬೆಟ್ಟವೇ ನಿದ್ದೆಯಲ್ಲಿ ಏನನ್ನೋ ಹೇಳಿಕೊಳ್ಳುತ್ತಿದೆ ಎನ್ನಿಸುವ ದಿನಗಳುಂಟು. ಆ ದಿನಗಳಲ್ಲಿ ಆಕೆ ಕಲ್ಲುಕಟ್ಟೆ ಕಟ್ಟಿ ಮೆಟ್ಟಿಲಾಗಿಸಿದ ತೋಪಿನಲ್ಲಿ ಮಜಲಿನಿಂದ ಮಜಲಿಗೆ ಇಳಿಯುತ್ತ ಒಂದೊಂದು ಮರದ ಕ್ಷೇಮ ವಿಚಾರಿಸುವುದನ್ನು ಎದುರು ದಂಡೆಯ ನಮ್ಮ ಅಂಗಳದಿಂದ ನೋಡುತ್ತ, ಮಾತು ಸಾಲದವರು ಹೀಗೂ ಪ್ರಾರ್ಥಿಸಬಹುದಲ್ಲವೇ ಎಂದುಕೊಂಡಿದ್ದೇನೆ.

ದಕ್ಷಿಣ ಫ್ರಾನ್ಸಿನ ನಮ್ಮ ಸೇವೆನ್ ಬೆಟ್ಟಗಳಲ್ಲಿ ಚೆಸ್ಟ್‌ನಟ್ ಮರಕ್ಕೆ ರೊಟ್ಟಿಮರವೆಂದೇ ಹೆಸರು. ಗೋಧಿ ಬಿತ್ತಲು ಅಂಗೈಯಗಲ ಸಮನೆಲವಿಲ್ಲದ ಸೀಮೆಯಲ್ಲಿ ದೇವರು ರೊಟ್ಟಿಯನ್ನು ಕೊಂಬೆಯ ಮೇಲೆ ಇಟ್ಟನು. ಹಕ್ಕಿಗಳು ಕುಕ್ಕದಂತೆ ಮುಳ್ಳುಚಿಪ್ಪಿನಲ್ಲಿ ಸುತ್ತಿದನು. ಬಲಿತ ಮೇಲೆ, ಹತ್ತಲಾರದ ಮುದುಕರಿಗೂ ಸಿಗಲೆಂದು, ತಾನೇ ಅದನ್ನು ನೆಲಕ್ಕೆ ಉದುರಿಸಿದನು. ಪ್ರಿಯರೇ, ತಲೆಬಾಗದೆ ಸಿಗುವ ರೊಟ್ಟಿಯಲ್ಲ ಅದು. ಆಯ್ದು ತಂದ ಕಾಯಿಯನ್ನು ಹೊಗೆಮನೆಯ ಅಟ್ಟದ ಮೇಲೆ ಹರವಿ, ಕೆಳಗೆ ಉರಿಯೇಳದ ಬೆಂಕಿಯನ್ನು ವಾರಗಟ್ಟಲೆ ಕಾಯಬೇಕು. ಹಾಗೆ ಒಣಗಿದ ಕಾಯಿಯ ಗಂಜಿಗೆ ಮೇಕೆಯ ಹಾಲು ಹೊಯ್ದರೆ ನಮ್ಮ ಚಳಿಗಾಲ ಕಳೆಯಿತು.

ಪೆರ್ಸೀದ್ ಈ ಮರಗಳ ನೆರಳಿನಲ್ಲಿ ಹುಟ್ಟಿದವಳಲ್ಲ. ಕೆಳಗಣ ಹಿಪ್ಪುನೇರಳೆಯ ಊರಿನಿಂದ, ರೇಷ್ಮೆಹುಳು ಸಾಕುವವರ ಮನೆಯಿಂದ, ಸಿದ್ರಾಕ್ ಮಾಲಾಫೋಸನ ಕೈಹಿಡಿದು ಮೇಲೆ ಬಂದವಳು. ಮರದ ಕೆಲಸವನ್ನೆಲ್ಲ ಅವನೇ ಕಲಿಸಿದನು. ಮೇ ತಿಂಗಳಲ್ಲಿ ರಸವೇರಿದಾಗ ಒಳ್ಳೆಯ ಮರದ ಎಳೆಗೊಂಬೆಯನ್ನು ಮೆಲ್ಲನೆ ಹಿಂಡಿ ತಿರುಗಿಸಿ, ಮೊಗ್ಗಿರುವ ತೊಗಟೆಯನ್ನು ಸೀಳದೆ ಉಂಗುರದಂತೆ ಬಿಡಿಸಿ, ಸಿಪ್ಪೆ ಸುಲಿದ ಕಾಡುಸಸಿಗೆ ಅದನ್ನು ತೊಡಿಸುವುದು ನಮ್ಮ ಕಡೆಯ ಕಸಿ. ಉಂಗುರ ಒಣಗಬಾರದು, ಆದ್ದರಿಂದ ಕಸಿ ಕಟ್ಟುವವರು ಅದನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. "ಮೇ ತಿಂಗ್ಳಲ್ಲಿ ನನ್ನ ಗಂಡ ಒಂದಿನಾನೂ ಜಗಳ ಆಡಿದ್ದಿಲ್ಲ," ಎಂದು ಆಕೆ ನಗುತ್ತಿದ್ದಳು. "ಬಾಯ್ತುಂಬ ತೊಗಟೆ ಇಟ್ಕೊಂಡು ಯಾವ ಗಂಡಸು ಬೈದಾನು?"

ಮಹಾಯುದ್ಧ ಬಂತು. ಸಿದ್ರಾಕ್ ಉತ್ತರದ ಕೆಸರಿಗೆ ಹೋದನು, ಹಿಂದಿರುಗಲಿಲ್ಲ. ಅವನ ದೇಹ ಎಲ್ಲಿ ಮಣ್ಣಾಯಿತೆಂದು ಹೇಳುವವರೂ ಬರಲಿಲ್ಲ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಉಳಿದವರು ಪೆರ್ಸೀದ್, ಒಂದಿಷ್ಟು ಮೇಕೆಗಳು, ಮತ್ತು ಸಿದ್ರಾಕನ ಚಿಕ್ಕಪ್ಪ ಅಬ್ದಿಯಾಸ್. ಮದುವೆಯಾಗದೆ ಮುಪ್ಪಾದವರು ಅವರು. ಸ್ತೋತ್ರಗೀತೆಗಳನ್ನೆಲ್ಲ ಬಾಯಿಪಾಠ ಬಲ್ಲವರು. ಗಂಜಿಗೆ ಉಪ್ಪು ಕಡಿಮೆಯಾದರೆ ದೇವರಿಗಿಂತ ಮೊದಲು ಸೊಸೆಯ ಹೆಸರು ಹಿಡಿದು ಕರೆಯುವವರು.

ಮಾಲಾಫೋಸರ ತೋಪಿನ ನೆತ್ತಿಯ ಮೇಲಿರುವುದೇ ಹಿರಿಯರ ಮಜಲು. ಫ್ರಾನ್ಸಿನ ಕಥೋಲಿಕ ದೊರೆ ಪ್ರಾಟೆಸ್ಟಂಟರಾದ ನಮ್ಮ ಆರಾಧನೆಯನ್ನು ನಿಷೇಧಿಸಿದ್ದ ಕಾಲದಲ್ಲಿ ಇಗರ್ಜಿಯ ಸ್ಮಶಾನದಲ್ಲಿ ನಮ್ಮವರಿಗೆ ಜಾಗವಿರಲಿಲ್ಲ. ಸತ್ತವರನ್ನು ಸ್ವಂತ ನೆಲದಲ್ಲಿ, ಹೆಸರು ಕೆತ್ತದೆ, ಕದ್ದುಮುಚ್ಚಿ ಹೂಳಬೇಕಾಗಿತ್ತು. ಕಾಲ ತಿಳಿಯಾದರೂ ನಾವು ಆ ಪದ್ಧತಿಯನ್ನು ಬಿಡಲಿಲ್ಲ. ಇಂದಿಗೂ ಸತ್ತ ಮೇಲೆ ನಮ್ಮ ಮನೆಗಳ ಪಕ್ಕದಲ್ಲೇ ಮಲಗುತ್ತೇವೆ. ಮಾಲಾಫೋಸರ ಈಚಿನ ತಲೆಮಾರುಗಳು ಮನೆಯ ಹಿಂದಿನ ಸೈಪ್ರಸ್ ಮರದಡಿ ಇದ್ದವು. ಆ ಕಷ್ಟಕಾಲದ ಹಿರಿಯರು ಮಾತ್ರ ಮೇಲಿನ ಮಜಲಿನಲ್ಲಿ, ಮನೆತನದ ಅತಿ ಹಳೆಯ ರೊಟ್ಟಿಮರದ ಬುಡದಲ್ಲಿ ಮಲಗಿದ್ದಾರೆಂದು ಎಲ್ಲರೂ ಬಲ್ಲರು.

ಅಲ್ಲಿ ಹುಲ್ಲಿನ ನಡುವೆ ಚಪ್ಪಟೆ ಕಲ್ಲುಗಳು ಸಾಲಾಗಿ ತಲೆಯೆತ್ತಿದ್ದವು. ಬರಹವಿಲ್ಲ, ಗುರುತಿಲ್ಲ. ಆದರೂ ಮನೆಯವರಿಗೆ ಒಂದೊಂದು ಕಲ್ಲೂ ಒಬ್ಬೊಬ್ಬರು. ಇದು ದೊರೆಯ ಹಡಗಿನಲ್ಲಿ ಸಂಕೋಲೆ ತೊಟ್ಟು ಹುಟ್ಟು ಹಾಕಿ ಬಂದ ಎಲೀ ಅಜ್ಜ. ಇದು ಸೆರೆಮನೆಯಲ್ಲಿ ಹಾಡು ನಿಲ್ಲಿಸದ ಮಾರ್ಗೆರೀತ್ ಅಜ್ಜಿ. ಸಾಲಿನ ತುದಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಕಲ್ಲೊಂದಿತ್ತು. ಅದು ಹೆಸರು ಮರೆತುಹೋದ ಯಾವುದೋ ಕೂಸು. ಭಾನುವಾರ ಆರಾಧನೆ ಮುಗಿದ ಮೇಲೆ ಗಂಡಸರು ಅಲ್ಲಿಗೆ ಹೋಗಿ ಟೋಪಿ ತೆಗೆದು ನಿಲ್ಲುವರು. ಹೂ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆ ಮಣ್ಣಿಗೆ ಕಬ್ಬಿಣ ಸೋಕಬಾರದೆಂಬುದೊಂದೇ ನೇಮ: ಗುದ್ದಲಿಯಿಲ್ಲ, ಹಾರೆಯಿಲ್ಲ, ಕುಡುಗೋಲೂ ಇಲ್ಲ. ಹುಲ್ಲನ್ನು ಮೇಕೆಗಳು ಮೇಯ್ದಷ್ಟೇ.

ಪೆರ್ಸೀದ್ ಆ ಚಿಕ್ಕ ಕಲ್ಲಿನ ಪಕ್ಕ ಕುಳಿತು ಉಣ್ಣೆ ಹೆಣೆಯುತ್ತಿದ್ದಳು. ಕೈ ಒಂದು ಕಡೆ ನಡೆದರೆ ಮನಸ್ಸು ಇನ್ನೊಂದು ಕಡೆ ನಡೆಯುತ್ತಿತ್ತು. ಮಧ್ಯಾಹ್ನದ ಬಿಸಿಲು ಎಲೆಗಳನ್ನು ಸೋಸಿಕೊಂಡು ಮಡಿಲಿಗೆ ಬೀಳುವಾಗ, ಯಾರೂ ಇಲ್ಲವೆಂದುಕೊಂಡು ಆಕೆ ಮೆಲ್ಲಗೆ ಜೋಗುಳ ಗುನುಗುವುದನ್ನು ಕೇಳಿದವರಿದ್ದಾರೆ. ಆ ಕೂಸಿಗೆ ಒಂದು ಹೆಸರನ್ನೂ ಇಟ್ಟಿದ್ದಳೆಂದು ಕಾಣುತ್ತದೆ. ಅದನ್ನು ಯಾರಿಗೂ ಹೇಳಲಿಲ್ಲ; ನಾನೂ ಕೇಳಲಿಲ್ಲ.

ಹೀಗಿರಲು ಒಂದು ಬೇಸಿಗೆಯಲ್ಲಿ ಹಳೆಯ ಮರದ ಎಲೆಗಳು ಚಿಕ್ಕವಾದವು, ಬಿಳಿಚಿಕೊಂಡವು. ಶರತ್ಕಾಲದಲ್ಲಿ ಕಾಯಿ ಉದುರದೆ ಮುಳ್ಳುಚಿಪ್ಪುಗಳು ಬರಿಗೊಂಬೆಗೇ ಅಂಟಿಕೊಂಡವು. ಪೆರ್ಸೀದ್ ಮೊಣಕಾಲೂರಿ ಬುಡ ನೋಡಿದಳು. ತೊಗಟೆಯ ಸಂದಿನಿಂದ ಕಪ್ಪು ನೀರು, ಮಗುವಿನ ಕೈತಪ್ಪಿ ಚೆಲ್ಲಿದ ಶಾಯಿಯಂತೆ, ಒಸರುತ್ತಿತ್ತು. ಶಾಯಿರೋಗವೆಂದರೆ ನಮ್ಮ ಬೆಟ್ಟಗಳಲ್ಲಿ ಹೆಂಗಸರು ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ಹೇಳುವ ಮಾತು. ನಿಂತ ನೀರಿನಲ್ಲಿ ಬೇರನ್ನು ಹಿಡಿಯುತ್ತದೆ, ಹರಿವ ನೀರಿನೊಂದಿಗೆ ಇಳಿಯುತ್ತದೆ. ಹಿರಿಯರ ಮಜಲಿನಲ್ಲಿ ಶರತ್ಕಾಲದ ಮಳೆನೀರು ವಸಂತದವರೆಗೂ ನಿಂತಿರುತ್ತಿತ್ತು. ಅಲ್ಲಿಂದ ಕಲ್ಲುಕಟ್ಟೆಯ ಸಂದುಗಳಲ್ಲಿ ಜಿನುಗಿ ಕೆಳಗಿನ ಮಜಲಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಎರಡನೆಯ ಮಜಲಿನ ಅಂಚಿನ ಮರಗಳೂ ಆಗಲೇ ಹಳದಿಯಾಗತೊಡಗಿದ್ದವು. ನೀರನ್ನು ಪಕ್ಕದ ಕೊರಕಲಿಗೆ ತಿರುಗಿಸದಿದ್ದರೆ ಇಡೀ ತೋಪು ಹೋಗುವುದು ಖಂಡಿತ. ತಿರುಗಿಸಬೇಕಾದರೆ ಕಲ್ಲಿನ ಸಾಲಿನುದ್ದಕ್ಕೂ ಅಗೆಯಬೇಕು. ಕೊರಕಲಿಗೆ ಹೋಗುವ ಉಳಿದ ದಾರಿಯೆಲ್ಲ ಬಂಡೆ.

ಆಕೆ ಅದನ್ನು ಊಟದ ಮೇಜಿನ ಬಳಿ ಹೇಳಿದಳು.

"ಮಾವ, ಮೇಲಿನ ಮಜಲಲ್ಲಿ ಕಾಲುವೆ ತೋಡ್ಬೇಕು."

ಅಬ್ದಿಯಾಸ್ ಚಮಚ ಕೆಳಗಿಟ್ಟರು. "ಯಾರ ಎದೆ ಮೇಲೆ ತೋಡ್ತೀಯಮ್ಮ? ಎಲೀ ಅಜ್ಜನ ಎದೆ ಮೇಲೋ, ಅಜ್ಜಿ ಎದೆ ಮೇಲೋ?"

"ಮೂಳೆ ಸಿಕ್ರೆ ತೊಳ್ದು, ಹೊಸ ಬಟ್ಟೇಲಿ ಸುತ್ತಿ, ಸೈಪ್ರಸ್ ಹತ್ರ ಮಲಗಿಸ್ತೀನಿ. ನನ್ನ ಮದುವೆ ಹಚ್ಚಡ ಇದೆಯಲ್ಲ, ಅದರಲ್ಲೇ ಸುತ್ತುತೀನಿ."

"ದೊರೆ ಸವಾರರು ಬಂದು ಮನೆ ಸುಟ್ರು. ಅವ್ರೂ ಆ ಮಣ್ಣು ಮುಟ್ಲಿಲ್ಲ. ಈಗ ಹುಳ ಸಾಕೋರ ಮಗಳು ಬಂದು ಮುಟ್ತಾಳಂತೆ!"

"ಹುಳ ಸಾಕೋರಿಗೂ ಒಂದು ವಿಷಯ ಗೊತ್ತು ಮಾವ. ತಟ್ಟೇಲಿ ಒಂದಕ್ಕೆ ರೋಗ ಬಂದ್ರೆ, ಪಾಪ ಅಜ್ಜನ ಕಾಲದ ಹುಳ ಅಂತ ಬಿಟ್ಕೊಂಡು ಕೂರಲ್ಲ."

"ನಾನೆಲ್ಲಿ ಮಲಗ್ಲಿ ಹೇಳು. ಎಲೀ ಅಜ್ಜನ ಪಕ್ಕ ಒಂದಾಳಿನ ಜಾಗ ಇದೆ ಅಂತ ಚಿಕ್ಕವನಾಗಿದ್ದಾಗ್ಲೇ ನೋಡಿಟ್ಟಿದೀನಿ."

"ತೋಪು ಹೋದ್ರೆ ನಾವಿಬ್ರೂ ಊರು ಬಿಡ್ಬೇಕು. ಸತ್ಮೇಲೆ ಮಲಗೋ ಜಾಗ ಆಮೇಲೆ ನೋಡೋಣ. ಬದುಕಿರೋವಾಗ ಎಲ್ಲಿ ಮಲಗೋದು?"

ಮುದುಕರು ಎದ್ದುನಿಂತರು. "ನೀನು ಅಲ್ಲಿ ಗುದ್ದಲಿ ಹಾಕಿದ ದಿನದಿಂದ ನಿನ್ನ ಕೈ ಗಂಜಿ ನನಗೆ ಬೇಡ."

ಮರುದಿನ ಅವರು ಕೋಲೂರಿಕೊಂಡು ನನ್ನ ಬಳಿಗೆ ಬಂದರು. ನಮ್ಮ ಕೊಪ್ಪಲುಗಳಿಗೆ ಪಾದ್ರಿಗಳು ಅಪರೂಪ. ವಾಕ್ಯ ಓದಿ ನಾಲ್ಕು ಮಾತು ಹೇಳುವ ಭಾಗ್ಯ ನನ್ನಂಥ ಸಾಮಾನ್ಯನಿಗೆ ಬಂದಿದೆ. "ಅದು ಪಾಪ ಅಂತ ಸಭೇಲಿ ಹೇಳಪ್ಪ," ಎಂದರು. ಅವರು ಹೋದ ಸ್ವಲ್ಪ ಹೊತ್ತಿಗೆ ಪೆರ್ಸೀದ್ ಬಂದಳು. ಅದೇ ಬೆಂಚಿನ ಮೇಲೆ, ಅವರು ಕುಳಿತಿದ್ದ ಜಾಗದಲ್ಲೇ ಕುಳಿತಳು.

"ಅಣ್ಣಾ, ಸಿದ್ರಾಕ್ ಎಲ್ಲಿದಾನೆ ಅಂತ ನಂಗೊತ್ತಿಲ್ಲ," ಎಂದಳು. "ದೇವ್ರಿಗೆ ಗೊತ್ತು ಅಂತ ನಂಬಿ ಬದುಕ್ತಿದೀನಿ. ಅವನ್ನ ಗುರುತು ಹಿಡಿಯಕ್ಕೆ ಕರ್ತನಿಗೆ ಒಂದು ಕಲ್ಲು ಬೇಕಾಗಿಲ್ಲ ಅಂದ್ಮೇಲೆ ಇವ್ರಿಗೆ ಬೇಕಾ? ಅದಕ್ಕೆ ನಂಗೆ ಭಯ ಇಲ್ಲ. ಆ ಚಿಕ್ಕ ಕಲ್ಲು ಎತ್ತೋದು ಹೇಗೆ ಅಂತ ಮಾತ್ರ..."

ಆಕೆ ಹೊರಗೆ ನೋಡಿದಳು. ಕಣಿವೆಯ ಹೊಗೆಮನೆಗಳಿಂದೆಲ್ಲ ನೀಲಿ ಹೊಗೆ ಏಳುತ್ತಿತ್ತು. ಮೇಲಕ್ಕೆ ಹೋಗದೆ, ಕನಸಿನಿಂದ ಎಚ್ಚರಾಗಲು ಮನಸ್ಸಿಲ್ಲದವರಂತೆ ಮರಗಳ ನಡುವೆಯೇ ಹಬ್ಬಿ ಮಲಗಿತ್ತು. ಪಾಪವೆಂದು ನಾನು ಹೇಳಲಿಲ್ಲ. ಅಲ್ಲವೆಂದು ಹೇಳುವ ಅಧಿಕಾರವೂ ನನಗಿರಲಿಲ್ಲ. ಇಬ್ಬರೂ ಪ್ರಾರ್ಥಿಸಿದೆವು.

ಚಳಿಗಾಲದ ಕೊನೆಯಲ್ಲಿ, ಮರಗಳಿಗೆ ಇನ್ನೂ ರಸವೇರುವ ಮುನ್ನ, ಆಕೆ ಕೆಲಸಕ್ಕೆ ಕೈಹಾಕಿದಳು. ನಮ್ಮವರಲ್ಲಿ ಯಾರೂ ಗುದ್ದಲಿ ಹಿಡಿಯಲು ಒಪ್ಪಲಿಲ್ಲ. ಆದ್ದರಿಂದ ಆಚೆ ದಿಣ್ಣೆಯ ಕಥೋಲಿಕ ಊರಿನ ಫುಲ್ಕ್ರಾನ್ ಬಂದನು. ಒಣಕಲ್ಲಿನ ಕಟ್ಟೆ ಕಟ್ಟುವುದು ಅವನ ಕಸುಬು, ನಾಲಗೆ ಅವನ ಹವ್ಯಾಸ. ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಳೆಯ ಮರ ಬುಡವಿಲ್ಲದೆ ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ನಾನು ಚಿಕ್ಕ ಪ್ರಾರ್ಥನೆ ಮಾಡಿದೆ. ಫುಲ್ಕ್ರಾನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡನು, ಆಮೇಲೆ ಇನ್ನೊಮ್ಮೆ ಹಾಕಿಕೊಂಡನು.

"ಎರಡು ಸಲ ಯಾಕೋ?" ಎಂದಳು ಪೆರ್ಸೀದ್.

"ನಿಮ್ಮೋರು ಹಾಕಲ್ವಲ್ಲ ತಾಯಿ, ನಿಮ್ಮ ಪಾಲಿಂದೂ ನಾನೇ ಹಾಕ್ದೆ. ನಿಮ್ಮಜ್ಜ ಎದ್ದು ಬಂದ್ರೆ ಮೊದ್ಲು ಕಥೋಲಿಕನ ಕುತ್ತಿಗೆಗೇ ತಾನೇ ಕೈ ಹಾಕೋದು?"

ಆಕೆ ಅವನಿಗೆ ಗುದ್ದಲಿ ಎತ್ತಲು ಬಿಡಲಿಲ್ಲ. ಚಿಕ್ಕ ಕಲ್ಲಿನ ಮುಂದೆ ಮೊಣಕಾಲೂರಿ, ಸುತ್ತಲಿನ ಹುಲ್ಲನ್ನು ಬೆರಳಿನಿಂದಲೇ ಬಿಡಿಸಿ, ಅಂಚಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಕಲ್ಲು ಹಠ ಮಾಡದೆ, ಯಾರೋ ಎತ್ತಲೆಂದೇ ಕಾದಿದ್ದಂತೆ, ಸಲೀಸಾಗಿ ಮೇಲೆ ಬಂತು.

ಕೆಳಗೆ ಮೂಳೆಯಿರಲಿಲ್ಲ. ಗೋರಿಯ ಮಣ್ಣೂ ಇರಲಿಲ್ಲ. ಎರಡು ಬದಿಗೂ ಹೊಂದಿಸಿ ಕಟ್ಟಿದ ಕಲ್ಲು, ತಳಕ್ಕೆ ಹಾಸಿದ ಚಪ್ಪಡಿ, ನಡುವೆ ಜಡೆಗಟ್ಟಿದ ಬೇರು, ಕರಿ ಕೆಸರು. ಆಕೆ ಬೇರಿನ ಗಂಟನ್ನು ಹಿಡಿದು ಜಗ್ಗಿದಳು. ಅದು ಕಿತ್ತು ಬಂದ ಜಾಗದಲ್ಲಿ ನೀರು ಒಮ್ಮೆ ಗುಳುಗುಳು ಎಂದಿತು. ಒಂದು ಉಸಿರಿನಷ್ಟು ಹೊತ್ತು ಯೋಚಿಸಿತು. ಆಮೇಲೆ ಆಕೆಯ ಮೊಣಕಾಲನ್ನು ಬಳಸಿಕೊಂಡು ಕೊರಕಲಿನ ಕಡೆಗೆ ಹರಿಯತೊಡಗಿತು.

"ಇದಕ್ಕೆ ಇಳಿಜಾರಿದೆ," ಎಂದಳು ಪೆರ್ಸೀದ್.

ಫುಲ್ಕ್ರಾನ್ ಬಗ್ಗಿ ನೋಡಿದನು. "ಬಸಿಗಾಲುವೆ," ಎಂದನು. "ತಾಯಿ, ಇದು ಕಾಲುವೆ ಬಾಯಿ. ಇಲ್ಲಿ ಕಿರಿದಾಗತ್ತೆ, ಅದಕ್ಕೇ ಕಲ್ಲೂ ಚಿಕ್ಕದು."

ಆಕೆ ಹಾಗೆಯೇ ಕೆಸರಿನಲ್ಲಿ ಕುಳಿತುಬಿಟ್ಟಳು. ಮೊದಲು ನಗು ಬಂತು. "ಅಯ್ಯೋ ದೇವ್ರೇ, ಇಷ್ಟು ವರ್ಷ ನಾನು ಕಾಲುವೆಗೆ ಜೋಗುಳ ಹಾಡಿದೆನಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲು ಬಾಯಿ ತೆರೆದಿದ್ದ ಫುಲ್ಕ್ರಾನ್ ಆಕೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡನು, ಟೋಪಿ ತೆಗೆದನು. ಆಕೆ ಅಳುತ್ತಿದ್ದಳು. ಇಲ್ಲದ ಕೂಸನ್ನು ಕಳೆದುಕೊಂಡ ತಾಯಿಗೆ ಯಾವ ಸಮಾಧಾನದ ವಾಕ್ಯ ಹೇಳಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ. ನಾನೂ ಹೋಗಿ ಪಕ್ಕದ ಕೆಸರಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಆಕೆ ಮೂಗು ಒರೆಸಿಕೊಂಡು, "ಏಳಣ್ಣ, ಮುಂದಿನ ಕಲ್ಲು," ಎಂದಳು.

ಮುಂದಿನದು ಮಾರ್ಗೆರೀತ್ ಅಜ್ಜಿ. ಅಜ್ಜಿ ಇರಲಿಲ್ಲ, ಕಾಲುವೆಯಿತ್ತು. ಎಲೀ ಅಜ್ಜನ ಕಲ್ಲಿನ ಕೆಳಗೂ ಅದೇ ಕಾಲುವೆ. ಕಲ್ಲು ಕಲ್ಲಿಗೂ ಹೂಳು ತೆಗೆಯುತ್ತ ಹೋದಂತೆ ನೀರಿನ ದನಿ ದೊಡ್ಡದಾಯಿತು. ಶಾಯಿಯಷ್ಟು ಕಪ್ಪಗೆ ಹೊರಟದ್ದು ಬರಬರುತ್ತ ಕಂದುಬಣ್ಣಕ್ಕೆ ತಿರುಗಿತು, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗಿ, ಚದುರುತ್ತಿದ್ದ ಮಂಜಿನೊಳಗೆ ಬೆಳ್ಳಿಯ ನೂಲಿನಂತೆ ಕೊರಕಲಿಗೆ ಇಳಿಯಿತು.

ಆ ದನಿಗೆ ಅಬ್ದಿಯಾಸ್ ಹೊರಗೆ ಬಂದರು. ಬೆಳಗಿನಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದವರು, ಟೋಪಿಯನ್ನು ಕೈಯಲ್ಲೇ ಹಿಡಿದು, ಮಜಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದು ನಿಂತರು.

"ಎಲೀ ಅಜ್ಜ?" ಎಂದರು.

"ಇಲ್ಲ ಮಾವ."

"ಅಜ್ಜಿ?"

"ಅವ್ರೂ ಇಲ್ಲ. ಯಾರೂ ಇಲ್ಲ."

ಅವರು ಕಾಲುವೆಯನ್ನು ನೋಡಿದರು, ಕೈಯಲ್ಲಿದ್ದ ಟೋಪಿಯನ್ನು ನೋಡಿದರು. "ಹಾಗಾದ್ರೆ ಹುಟ್ಟಿದಾಗಿಂದ ನಾನು ಟೋಪಿ ತೆಗೆದಿದ್ದು ಚರಂಡಿಗಾ?"

"ಚೆನ್ನಾಗಿ ಕಟ್ಟಿದ ಚರಂಡಿ ಅಜ್ಜ," ಎಂದನು ಫುಲ್ಕ್ರಾನ್. "ನಾನಾದ್ರೂ ತೆಗೀತೀನಿ."

ಮುದುಕರು ಅವನನ್ನು ಸುಡುವಂತೆ ನೋಡಿದರು. ಆಮೇಲೆ ಕಷ್ಟಪಟ್ಟು ಬಗ್ಗಿ, ಬದಿಯ ಕಲ್ಲುಗಳ ಮೇಲೆ ಕೈಯಾಡಿಸಿದರು. ಉಳಿಯ ಗುರುತುಗಳು ಬೆರಳಿಗೆ ಸಿಕ್ಕವು. ಕಲ್ಲಿನ ಮುಖ ಎಲ್ಲಿ ಸಮನಿಲ್ಲವೋ ಅಲ್ಲಿ ಅದನ್ನು ತಿರುವಿ ಕೂರಿಸಿದ್ದರು. ತಳದ ಚಪ್ಪಡಿಗಳನ್ನು ಮೀನಿನ ಪೊರೆಯಂತೆ ಒಂದರ ಮೇಲೊಂದು ಅಂಚು ಬರುವಂತೆ ಹಾಸಿದ್ದರು. "ಇದನ್ನ ಕಟ್ಟಿದ್ದು ಅವ್ರೇ," ಎಂದರು ಅಬ್ದಿಯಾಸ್, ತಮಗೇ ಹೇಳಿಕೊಳ್ಳುವಂತೆ. "ಕೈ ಅವ್ರದ್ದೇ."

ಪ್ರಿಯರೇ, ನಾನು ಈ ಸಂಗತಿಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಹಿರಿಯರು ಮರ ನೆಟ್ಟರು. ಮರದ ಕಾಲು ನೆನೆಯಬಾರದೆಂದು ಕಾಲುವೆ ಕಟ್ಟಿದರು. ವರ್ಷಕ್ಕೊಮ್ಮೆ ಎತ್ತಿ ಹೂಳು ತೆಗೆಯಲು ಅನುಕೂಲವಾಗಲೆಂದು ಮುಚ್ಚುಗಲ್ಲುಗಳನ್ನು ಹುಲ್ಲಿನ ಮಟ್ಟಕ್ಕೆ ಬಿಟ್ಟರು. ಹೆಸರಿಲ್ಲದ ಗೋರಿಗಳ ನಡುವೆ ಬೆಳೆದ ನಾವು, ಹೆಸರಿಲ್ಲದ ಕಲ್ಲು ಕಂಡಲ್ಲೆಲ್ಲ ಗೋರಿಯನ್ನೇ ಕಂಡೆವು. ಎತ್ತಲೆಂದು ಇಟ್ಟ ಕಲ್ಲನ್ನು ಎತ್ತಬಾರದೆಂದು ಕಾದೆವು. ನಮ್ಮ ಭಕ್ತಿ ಸುಳ್ಳಾಗಿರಲಿಲ್ಲ. ಆದರೆ ಭಕ್ತಿಯ ಅಡಿಯಲ್ಲಿ ನೀರು ಕಟ್ಟಿನಿಂತು ಮರದ ಬೇರನ್ನು ಕೊಳೆಸಿತು. ಕರ್ತನು ನಮ್ಮನ್ನು ಕ್ಷಮಿಸಲಿ, ನಮ್ಮ ಉಳಿದ ಕಲ್ಲುಗಳನ್ನೂ ಎತ್ತಿಸಲಿ.

ಆ ಸಂಜೆ ಗಂಜಿಯ ಹೊತ್ತಿಗೆ ಅಬ್ದಿಯಾಸ್ ಎಂದಿನ ಜಾಗದಲ್ಲೇ ಬಂದು ಕುಳಿತರು. ಪೆರ್ಸೀದ್ ಬಟ್ಟಲು ಮುಂದಿಟ್ಟಳು. ಅವರು ಚಮಚ ಕೈಗೆತ್ತಿಕೊಂಡು, "ಗುದ್ದಲಿ ಹಾಕಿದ ದಿನ ಅಂದಿದ್ದೆ. ಮೊದಲನೇ ಕಲ್ಲು ನೀನು ಕೈಯಲ್ಲೇ ತಾನೇ ಎತ್ತಿದ್ದು?" ಎಂದರು.

"ಹೌದು ಮಾವ."

"ಹಾಗಾದ್ರೆ ಸರಿ." ಒಂದು ಚಮಚ ಬಾಯಿಗಿಟ್ಟರು. "ಉಪ್ಪು ಕಡಿಮೆ."

ಹಳೆಯ ಮರ ಉಳಿಯಲಿಲ್ಲ. ಬೇರು ಅಷ್ಟರಲ್ಲೇ ಕೆಟ್ಟುಹೋಗಿತ್ತು; ಆ ಬೇಸಿಗೆ ಒಂದೇ ಕೊಂಬೆ ಹಸಿರಾಯಿತು. ಮೇ ತಿಂಗಳಲ್ಲಿ ಪೆರ್ಸೀದ್ ಏಣಿ ಹಾಕಿ ಆ ಕೊಂಬೆಯಿಂದ ಚಿಗುರು ಇಳಿಸಿಕೊಂಡಳು; ಕೆಳಗಿನ ಮಜಲುಗಳ ಕಾಡುಸಸಿಗಳಿಗೆಲ್ಲ ಅದರ ಉಂಗುರ ತೊಡಿಸಿದಳು. ಎರಡನೆಯ ಮಜಲಿನ ಅಂಚಿನ ಮರಗಳನ್ನೂ ಕಡಿಯಬೇಕಾಯಿತು. ಆಕೆ ಅವುಗಳ ಬೊಡ್ಡೆಯ ಮೇಲೆ ಕುಳಿತು ದಿನವೂ ಕೆಳಗಿನ ಮರಗಳ ತಲೆಗಳನ್ನು ನೋಡುವಳು. ಯಾವುದಾದರೂ ಎಲೆ ಹೊತ್ತಿಗೆ ಮುಂಚೆ ಹಳದಿಯಾಯಿತೇ ಎಂದು ಹುಡುಕುವಳು. ಒಂದು ಬೇಸಿಗೆ ಹೋಯಿತು, ಇನ್ನೊಂದು ಹೋಯಿತು. ಮೂರನೆಯ ಮಜಲಿಗೆ ರೋಗ ಇಳಿಯಲಿಲ್ಲ. ಹೂವಿನ ದಿನಗಳಲ್ಲಿ ತೋಪು ಮತ್ತೆ ಮಂಜಿನಂತೆ ತೂಗಿತು.

ಅಬ್ದಿಯಾಸರಿಗೆ ಒಂದು ಚಿಂತೆ ಮಾತ್ರ ಉಳಿದಿತ್ತು. ಒಂದು ಸಂಜೆ, ನಾನೂ ಅವರ ಮನೆಯಲ್ಲಿದ್ದಾಗ, ಕೇಳಿಯೇಬಿಟ್ಟರು.

"ಈಗ ನನ್ನ ಎಲ್ಲಿ ಮಲಗಿಸ್ತೀಯಮ್ಮ? ಎಲೀ ಅಜ್ಜ ಎಲ್ಲಿದಾರೋ ಯಾರಿಗೆ ಗೊತ್ತು. ಅವರ ಪಕ್ಕ ಅಂತೂ ಆಗಲ್ಲ."

"ಅಲ್ಲೇ ಮೇಲೆ ಮಲಗಿ ಮಾವ," ಎಂದಳು ಪೆರ್ಸೀದ್, ಮೇಕೆಯ ಹಾಲು ಸೋಸುತ್ತ. "ನೀವು ಹೋಗಿ ಮಲಗಿದ್ರೆ ಅದು ನಿಜವಾಗ್ಲೂ ಹಿರಿಯರ ಮಜಲು ಆಗತ್ತೆ. ಕಾಲುವೆಗೆ ಅಡ್ಡ ಮಾತ್ರ ಮಲಗ್ಬೇಡಿ."

ಮುದುಕರ ಭುಜಗಳು ಕುಲುಕಿದವು. ನಗುತ್ತಿದ್ದಾರೆಂದು ತಿಳಿಯಲು ನಮಗೆ ಕೊಂಚ ಹೊತ್ತು ಹಿಡಿಯಿತು. ಅದು ಆ ಮನೆಯಲ್ಲಿ ಕಂಡರಿಯದ ನೋಟ. "ಮೇಲೆ ಕಲ್ಲು ಇಡ್ಬೇಡ ಮತ್ತೆ," ಎಂದರು. "ನಾಳೆ ಯಾರಾದ್ರೂ ಹೂಳು ತೆಗೀಬೇಕು ಅಂತ ಎತ್ತಿಬಿಟ್ಟಾರು."

ಕಾಯಿ ಉದುರುವ ಕಾಲದಲ್ಲಿ ಅವರು ನಿದ್ದೆಯಲ್ಲೇ ಕರ್ತನ ಬಳಿಗೆ ಹೋದರು. ಹಳೆಯ ಮರದ ಬೊಡ್ಡೆಗಿಂತ ಕೊಂಚ ಎತ್ತರದಲ್ಲಿ, ನೀರಿನ ದಾರಿಯಿಂದ ದೂರದಲ್ಲಿ, ಗುದ್ದಲಿಯಿಂದಲೇ ಅಗೆದು ಅವರನ್ನು ಮಲಗಿಸಿದೆವು. ಫುಲ್ಕ್ರಾನ್ ಬಂದು ಹಿಂದೆ ನಿಂತಿದ್ದನು. ಅವರಿಗೆ ಪ್ರಿಯವಾದ ಸ್ತೋತ್ರವನ್ನು ಹಾಡಿದೆವು. ಚರಣ ಚರಣಗಳ ನಡುವೆ ನಾವು ಉಸಿರೆಳೆದುಕೊಳ್ಳುವಾಗಲೆಲ್ಲ ಹುಲ್ಲಿನ ಕೆಳಗೆ ನೀರು ಹೋಗುವುದು ಕೇಳಿಸುತ್ತಿತ್ತು. ಕೆಳಗಿನ ಮಜಲುಗಳಲ್ಲಿ, ಅಲ್ಲೊಂದು ಇಲ್ಲೊಂದು, ಕಾಯಿ ನೆಲಕ್ಕೆ ಬೀಳುವ ಸದ್ದು. ಪೆರ್ಸೀದ್ ಮಣ್ಣಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪಡುವಣದ ಮೋಡವನ್ನು ನೋಡಿ, ಬುಟ್ಟಿ ಎತ್ತಿಕೊಂಡು ತೋಪಿಗೆ ಇಳಿದಳು. ಮಳೆ ಬರುವ ಮೊದಲು ಆಯಬೇಕಾಗಿತ್ತು. ನಾವೆಲ್ಲರೂ ಹಿಂದೆಯೇ ಇಳಿದೆವು.